ಹೈಮವತಿ ಅತ್ತೆಯ ಮೊಡವೆಗಳು

ಒಂದು ಯಂತ್ರ ಇದೆ ಎಂದುಕೊಳ್ಳಿ. ಮುಖದ ಸುಕ್ಕನ್ನು ಅದು ನಿಜವಾಗಿಯೂ ತೆಗೆಯುತ್ತದೆ, ಮುಲಾಮು ಮಾರುವವರ ಹಾಗೆ ಬಾಯಿಮಾತಿನಲ್ಲಿ ಅಲ್ಲ. ಆದರೆ ಅದಕ್ಕೊಂದು ಹಟ. ನಿಮ್ಮ ವಯಸ್ಸನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ನಮ್ಮ ತುಮಕೂರಿನಲ್ಲಿ ಎಷ್ಟು ಜನ ಅದರ ಮುಂದೆ ಬಂದು ಕೂರುತ್ತಾರೆ? ನನ್ನನ್ನು ಕೇಳಿದರೆ, ಮೊದಲ ವಾರವೇ ನಲವತ್ತು ಜನ. ಅದರಲ್ಲಿ ಮೂವತ್ತೊಂಬತ್ತು ಜನ ಸುಳ್ಳು ಹೇಳುತ್ತಾರೆ. ನಲವತ್ತನೆಯವರಿಗೆ ತಮ್ಮ ವಯಸ್ಸು ಎಷ್ಟೆಂದು ಗೊತ್ತೇ ಇರುವುದಿಲ್ಲ.

ಇದನ್ನು ಊಹಿಸಿ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇನೆ. ನಾನು ಸಹನಾ. ಚರ್ಮದ ಡಾಕ್ಟರ್ ಕೌಸ್ತುಭ ಅವರ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಹೆಸರಿಗೂ ನನ್ನ ಗುಣಕ್ಕೂ ಏನೇನೂ ಸಂಬಂಧವಿಲ್ಲ ಎಂದು ಅಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ.

ಹಳೆಯ ಪ್ಲಾಸ್ಮಾ ಚಿಕಿತ್ಸೆ ನಿಮಗೆ ಗೊತ್ತಿರಬಹುದು. ತೋಳಿನಿಂದ ರಕ್ತ ತೆಗೆದು, ಕೊಳವೆಗೆ ಹಾಕಿ ಗಿರಗಿರ ತಿರುಗಿಸಿದರೆ ಕೆಂಪು ಕಣಗಳೆಲ್ಲ ತಳಕ್ಕೆ ಹೋಗಿ ಮೇಲೆ ತಿಳಿಹಳದಿ ದ್ರವ ನಿಲ್ಲುತ್ತದೆ. ಅದೇ ಪ್ಲಾಸ್ಮಾ. ಅದರಲ್ಲಿ ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳಿರುತ್ತವೆ. ಎಲ್ಲಾದರೂ ಗಾಯವಾದರೆ ಮೊದಲು ಓಡಿಹೋಗಿ ರಕ್ತ ನಿಲ್ಲಿಸುವವು ಇವೇ, ಆಮೇಲೆ ಸುತ್ತಲಿನ ಚರ್ಮಕ್ಕೆ ‘ಏಳಿ, ರಿಪೇರಿ ಶುರುಮಾಡಿ’ ಎಂದು ರಾಸಾಯನಿಕ ಸಂದೇಶ ಕಳಿಸುವವೂ ಇವೇ. ಆ ದ್ರವವನ್ನು ಸಣ್ಣ ಸೂಜಿಯಿಂದ ಮುಖದ ತುಂಬ ಚುಚ್ಚಿದರೆ ಚರ್ಮ ರಿಪೇರಿಗೆ ತೊಡಗುತ್ತದೆ. ತೊಂದರೆ ಏನೆಂದರೆ, ವಯಸ್ಸಾದವರ ಪ್ಲೇಟ್‌ಲೆಟ್ಟು ಸಂದೇಶ ಕಳಿಸುವುದೂ ವಯಸ್ಸಾದವರ ಹಾಗೆಯೇ, ನಿಧಾನಕ್ಕೆ, ಗೊಣಗಿಕೊಂಡು.

ಹೋದ ವರ್ಷ ನಮ್ಮಲ್ಲಿಗೆ ಬಂದ ‘ಪುನರ್ನವ’ ಎಂಬ ಯಂತ್ರ ಇದಕ್ಕೊಂದು ದಾರಿ ಕಂಡುಕೊಂಡಿತ್ತು. ಪ್ಲಾಸ್ಮಾವನ್ನು ನಲವತ್ತು ನಿಮಿಷ ಮಿಣುಕುವ ಬೆಳಕಿನ ಕೆಳಗಿಟ್ಟು, ಆ ಕಣಗಳು ಹರೆಯದಲ್ಲಿ ಹೇಗೆ ಮಾತಾಡುತ್ತಿದ್ದವೋ ಹಾಗೆ ಮಾತಾಡುವಂತೆ ಅದು ಪಳಗಿಸುತ್ತದೆ. ಈಗಿನ ವಯಸ್ಸು ಎಷ್ಟು, ಎಷ್ಟಕ್ಕೆ ಇಳಿಸಬೇಕು, ಇವೆರಡು ಹೇಳಿದರೆ ಸಾಕು. ಮಿಕ್ಕ ಲೆಕ್ಕವೆಲ್ಲ ಅದರದು. ಹೇಳಿದ ವಯಸ್ಸಿಗೆ ತಕ್ಕ ಉತ್ತರ ಕಣಗಳಿಂದ ಬರದಿದ್ದರೆ ಬೆಳಕನ್ನು ತಾನೇ ಏರಿಸುತ್ತಾ ಹೋಗುವ ಒಂದು ಚಾಳಿ ಅದಕ್ಕಿದೆ. ಅದಕ್ಕೇ ಕಂಪನಿಯವರು ಎರಡು ನಿಯಮ ಮಾಡಿದ್ದರು. ರೋಗಿ ತನ್ನ ಬಾಯಿಂದಲೇ ವಯಸ್ಸು ಹೇಳಬೇಕು. ಅದು ನಿಜವೆಂದು ಮನೆಯವರೊಬ್ಬರು ಸಾಕ್ಷಿ ಬರೆದು ಹೆಬ್ಬೆಟ್ಟು ಒತ್ತಬೇಕು. ಆಮೇಲೆ ವಯಸ್ಸು ಬದಲಿಸಬೇಕೆಂದರೆ ಅದೇ ಸಾಕ್ಷಿಯ ಹೆಬ್ಬೆಟ್ಟೇ ಬೇಕು.

ಇಂಥ ಯಂತ್ರದ ಮುಂದೆ ಒಂದು ದಿನ ನನ್ನ ಸೋದರಮಾವ ಪಶುಪತಿ ಹೆಂಡತಿಯನ್ನು ಕರೆದುಕೊಂಡು ಬಂದರು.

ಮಾವ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಬರುವ ತಿಂಗಳು ಅವರ ಅರವತ್ತರ ಶಾಂತಿ. ಗಂಡ ಹೆಂಡತಿ ಮತ್ತೆ ಮದುಮಕ್ಕಳ ಹಾಗೆ ಹಸೆಯ ಮೇಲೆ ಕೂರಬೇಕು, ಮತ್ತೆ ತಾಳಿ ಕಟ್ಟಬೇಕು. ಮಕ್ಕಳಿಲ್ಲದ ಮನೆ. ಓಡಾಟಕ್ಕೆಲ್ಲ ನಾನೇ. ಹೈಮವತಿ ಅತ್ತೆ ನನ್ನನ್ನು ಸಾಕಿದ್ದಾರೆ ಎಂದರೆ ತಪ್ಪಲ್ಲ. ನಾನು ಓದಿದ್ದೇ ಆ ಮನೆಯಲ್ಲಿದ್ದುಕೊಂಡು.

“ಬರ್ಕೋ,” ಎಂದರು ಮಾವ, ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ. “ಹೆಸರು ಹೈಮವತಿ. ವಯಸ್ಸು ಐವತ್ತೇಳು. ಓದು ಪಿಯುಸಿ. ಶುಗರ್ ಇಲ್ಲ, ಬಿಪಿ ಇಲ್ಲ, ಸ್ವಲ್ಪ ಕೋಪ ಇದೆ.”

“ಅತ್ತೆಗೆ ಕೋಪಾನಾ ಮಾವ? ನಾನು ನೋಡೇ ಇಲ್ಲ.”

“ಒಳಗೊಳಗೇ ಇದೆ. ನೀನು ಬರ್ಕೋ.”

ಆಮೇಲೆ ನನ್ನ ಕೈಯಿಂದ ಫಾರಂ ಕಿತ್ತುಕೊಂಡು ತಾವೇ ತುಂಬಿದರು. ಅತ್ತೆಯ ಯಾವ ಫಾರಂ ಇದ್ದರೂ ಮಾವನೇ ತುಂಬುವುದು ಆ ಮನೆಯ ಪದ್ಧತಿ. ರೇಷನ್ ಕಾರ್ಡು, ಮತದಾರರ ಪಟ್ಟಿ, ಕಡೆಗೆ ಮಹಿಳಾ ಸಮಾಜದ ರಂಗೋಲಿ ಸ್ಪರ್ಧೆಯದೂ. ಅಕ್ಷರ ಮುತ್ತಿನಂತಿರುತ್ತದೆ, ಅದಕ್ಕೆ ಯಾರೂ ಮಾತಾಡುವುದಿಲ್ಲ. ಸಾಕ್ಷಿಯ ಜಾಗದಲ್ಲೂ ಅವರೇ ಬರೆದು ಹೆಬ್ಬೆಟ್ಟು ಒತ್ತಿದರು. ನಿಯಮದ ಪ್ರಕಾರ ನಾನು ಅತ್ತೆಯ ಕಡೆ ತಿರುಗಿ “ನಿಮ್ಮ ವಯಸ್ಸು ನೀವೇ ಹೇಳಿ” ಎನ್ನಬೇಕಿತ್ತು. ಅನ್ನಲಿಲ್ಲ. ಸ್ವಂತ ಮಾವ ಹೇಳಿದ್ದಾರೆ, ಮತ್ತೆ ಕೇಳಿದರೆ ಏನಂದುಕೊಂಡಾರು ಎಂದು ಯಂತ್ರಕ್ಕೆ ಐವತ್ತೇಳು ಎಂದೇ ಕೊಟ್ಟೆ. ಎಷ್ಟಕ್ಕೆ ಇಳಿಸಬೇಕು ಎಂದಾಗ ಮಾವ “ನಲವತ್ತು” ಎಂದರು. ಈ ತಪ್ಪು ನನ್ನದು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ರಕ್ತ ತೆಗೆಯುವಾಗ ಅತ್ತೆ ಕೊಳವೆಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು, “ಹೆಪ್ಪುಗಟ್ಟದ ಹಾಗೆ ಸಿಟ್ರೇಟ್ ಹಾಕಿದೀಯೇನೇ?”

ಹಾಕಿದ್ದೆ. ಆದರೆ ಹನ್ನೊಂದು ವರ್ಷದಲ್ಲಿ ಒಬ್ಬ ರೋಗಿಯೂ ಆ ಪ್ರಶ್ನೆ ಕೇಳಿರಲಿಲ್ಲ.

“ಟೀವಿಲಿ ಏನೇನೋ ನೋಡ್ತಿರ್ತಾಳೆ,” ಎಂದು ಮಾವ ನಕ್ಕರು. “ಸಿಟ್ರೇಟ್ ಅಂದ್ರೆ ನಿಂಬೆಹಣ್ಣು ಕಣೇ ಹೈಮಾ.”

ಮೊದಲ ವಾರ ಎಲ್ಲವೂ ಚೆನ್ನಾಗಿತ್ತು. ಅತ್ತೆಯ ಹಣೆಯ ಗೆರೆಗಳು ಮಾಯವಾದವು. ಪಕ್ಕದ ಮನೆಯವರು ಸಕ್ಕರೆ ಕೇಳುವ ನೆಪದಲ್ಲಿ ದಿನಕ್ಕೆ ಮೂರು ಸಲ ಬಂದು ಮುಖ ನೋಡಿಕೊಂಡು ಹೋದರು. ಮಾವನಂತೂ ಬೀಗಿಹೋದರು. ಹತ್ತನೇ ದಿನ ಬೆಳಗ್ಗೆ ಅವರದೇ ಫೋನು.

“ಸಹನಾ, ನಿಮ್ಮತ್ತೆ ಮುಖದ ತುಂಬ ಮೊಡವೆ ಕಣೇ. ಹೈಸ್ಕೂಲ್ ಹುಡುಗಿ ಥರ.”

ನಾನು ನಂಬಲಿಲ್ಲ. ಹೋಗಿ ನೋಡಿದರೆ ಮೂಗಿನ ಮೇಲೆ ಎರಡು, ಗಲ್ಲದ ಮೇಲೆ ನಾಲ್ಕು, ಹಣೆಯ ಮೇಲೆ ಸಾಲಾಗಿ ಏಳು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದರು. ಒಲೆಯ ಹತ್ತಿರ ಹೋದರೆ ಉರಿಯುತ್ತಿತ್ತಂತೆ. ಅಡುಗೆ ಮಾಡುತ್ತಿದ್ದವರು ಮಾವ. ಅವರ ಉಪ್ಪಿಟ್ಟು ತಿಂದಮೇಲೆ ಅತ್ತೆಯ ಕಷ್ಟ ನನಗೆ ಇನ್ನೂ ಚೆನ್ನಾಗಿ ಅರ್ಥವಾಯಿತು.

ಡಾಕ್ಟರ್ ಕೌಸ್ತುಭ ಯಂತ್ರದ ದಾಖಲೆ ತೆಗೆದು ನೋಡಿ ಹುಬ್ಬು ಗಂಟಿಕ್ಕಿದರು. “ನೋಡಿ ಸಹನಾ, ಬೆಳಕು ತಾನಾಗಿ ಮೂರು ಸಲ ಏರಿದೆ. ನಲವತ್ತಕ್ಕೆ ನಿಲ್ಲಬೇಕಾದ್ದು ಹದಿನಾರಕ್ಕೆ ಬಂದಿದೆ. ಒಂದೋ ಮೆಷೀನ್ ಕೆಟ್ಟಿದೆ, ಇಲ್ಲಾ ವಯಸ್ಸು ಸುಳ್ಳು.”

“ನಮ್ಮ ಮಾವ ಸುಳ್ಳು ಹೇಳಲ್ಲ ಸರ್.”

“ಹಾಗಾದ್ರೆ ಮೆಷೀನ್ ಟೆಸ್ಟ್ ಮಾಡೋಣ. ನನ್ನ ರಕ್ತ ತಗೊಳ್ಳಿ.”

ತೆಗೆದುಕೊಂಡೆ. ವಯಸ್ಸು ಒತ್ತುವಾಗ ಅವರು ನನಗೆ ಆ ಕಡೆ ತಿರುಗಲು ಹೇಳಿದರು. ತಿರುಗಿದೆ. ಪರೀಕ್ಷೆಗೆಂದು ಅವತ್ತೇ ಅದರ ಧ್ವನಿ ಹಾಕಿದ್ದೆವು. ಯಂತ್ರಕ್ಕೆ ಅದೆಲ್ಲ ಎಲ್ಲಿ ಗೊತ್ತು, ರೇಡಿಯೋ ಕನ್ನಡದಲ್ಲಿ ಗಟ್ಟಿಯಾಗಿ “ನಮೂದಿಸಿದ ವಯಸ್ಸು ನಲವತ್ತೇಳು. ಮಾದರಿಯು ಸರಿಹೊಂದುತ್ತದೆ” ಎಂದಿತು. ನಲವತ್ತೆರಡು ಎಂದು ಊರಿಗೆಲ್ಲ ಹೇಳಿಕೊಂಡಿದ್ದ ಡಾಕ್ಟರು ಕೆಮ್ಮಿದರು. ಯಂತ್ರ ಕೆಟ್ಟಿರಲಿಲ್ಲ.

“ಅತ್ತೆ ಮುಖಾನ ಹೀಗೇ ಬಿಟ್ರೆ?” ಎಂದು ಕೇಳಿದೆ.

“ಚರ್ಮ ಇನ್ನೂ ಹಿಂದಕ್ಕೆ ಹೋಗುತ್ತೆ. ಹಸುಗೂಸಿನ ಚರ್ಮ ಆಗಿ ಅಲ್ಲೇ ನಿಂತುಬಿಡುತ್ತೆ.”

“ಹಸುಗೂಸಿನ ಚರ್ಮ ಚೆನ್ನಾಗೇ ಇರುತ್ತಲ್ಲ ಸರ್?”

“ಹಸುಗೂಸು ಒಗ್ಗರಣೆ ಹಾಕಲ್ಲ, ಬಿಸಿಲಲ್ಲಿ ಹೋಗಿ ತರಕಾರಿ ತರಲ್ಲ. ಆಮೇಲೆ ಅವರು ಇಡೀ ಜೀವನ ಪರದೆ ಹಾಕ್ಕೊಂಡು ಕೋಣೆಯಲ್ಲಿ ಕೂರಬೇಕಾಗುತ್ತೆ. ಹತ್ತು ದಿನದೊಳಗೆ ಸರಿಯಾದ ವಯಸ್ಸು ಕೊಟ್ಟು ಇನ್ನೊಂದು ಸಲ ಮಾಡಿದ್ರೆ ನಿಲ್ಲಿಸಬಹುದು. ಅವರನ್ನ ಕೇಳಿ. ಗಂಡನ್ನಲ್ಲ, ಅವರನ್ನ.”

ಮರುದಿನ ಮಾವ ಶಾಂತಿಗೆ ಅಡುಗೆಯವರನ್ನು ಗೊತ್ತುಮಾಡಲು ಹೋಗಿದ್ದ ಹೊತ್ತು ನೋಡಿ ಹೋದೆ. ಅತ್ತೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು, ಬಿಸಿಲಿಗೆ ಮೈಯೊಡ್ಡದೆ ನೆರಳಲ್ಲಿ ನಿಂತು ಒಂದೊಂದನ್ನೇ ತಂತಿಯ ಮೇಲೆ ಎಸೆಯುತ್ತಾ. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ.

“ಅತ್ತೆ, ನಿಮ್ಮ ವಯಸ್ಸೆಷ್ಟು?”

ಅತ್ತೆಯ ಕೈಯಲ್ಲಿದ್ದ ಮಾವನ ಪಂಚೆ ನೆಲಕ್ಕೆ ಬಿತ್ತು. ಅದನ್ನು ಎತ್ತಿ ಮಣ್ಣು ಕೊಡವಿದರು. ಆಮೇಲೆ, “ಈ ಮನೆಗೆ ಬಂದಮೇಲೆ ಇದನ್ನ ನನ್ನನ್ನ ಯಾರೂ ಕೇಳಿರ್ಲಿಲ್ಲ ಕಣೇ,” ಎಂದರು. “ಅರವತ್ತೆರಡು.”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮಾವನಿಗೆ ಅರವತ್ತು. ಎರಡು ವರ್ಷಕ್ಕೆ ಅತ್ತೆಯೇ ದೊಡ್ಡವರು.

“ಮದುವೆ ಹೊತ್ತಿಗೆ ನಂಗೆ ಇಪ್ಪತ್ತಾರು, ಅವರಿಗೆ ಇಪ್ಪತ್ನಾಲ್ಕು. ಗಂಡಿನ ಕಡೆಯೋರು ಒಪ್ಪಲ್ಲ ಅಂತ ನಮ್ಮಪ್ಪ ಜಾತಕದಲ್ಲಿ ಐದು ವರ್ಷ ಕಮ್ಮಿ ಬರೆಸಿದ್ರು. ನನ್ನ ತಮ್ಮನಿಗೂ ಕಮ್ಮಿ ಮಾಡಬೇಕಾಯ್ತು, ಇಲ್ದಿದ್ರೆ ಅವನೇ ಅಣ್ಣ ಆಗಿಬಿಡ್ತಿದ್ದ. ಪಾಪ, ಇವತ್ತಿಗೂ ಅವನಿಗೆ ಯಾರಾದ್ರೂ ವಯಸ್ಸು ಕೇಳಿದ್ರೆ ನನ್ನ ಮುಖ ನೋಡ್ತಾನೆ.”

ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು, ನಕ್ಕರೆ ಕೆನ್ನೆ ಉರಿಯುತ್ತದೆಂದು ತಕ್ಷಣ ನಿಲ್ಲಿಸಿದರು.

“ಆ ಐದು ವರ್ಷದಲ್ಲಿದ್ದದ್ದನ್ನೂ ಅಳಿಸಬೇಕಲ್ಲ. ನಾನು ಬಿಎಸ್ಸಿ ಮಾಡಿದ್ದೆ ಕಣೇ. ಆಮೇಲೆ ಕೋಲಾರದಲ್ಲಿ ಒಂದು ಕಾಲೇಜಲ್ಲಿ ನಾಲ್ಕು ವರ್ಷ ಕೆಮಿಸ್ಟ್ರಿ ಲ್ಯಾಬ್ ನೋಡ್ಕೊತಿದ್ದೆ. ಇಪ್ಪತ್ತೊಂದು ವರ್ಷದ ಹುಡುಗಿಗೆ ಇಷ್ಟೆಲ್ಲ ಎಲ್ಲಿ ಹಿಡಿಸುತ್ತೆ ಹೇಳು. ಅದಕ್ಕೇ ಪಿಯುಸಿ ಅಂದುಬಿಟ್ರು.”

ನಾನು ಓದುವಾಗ ಈ ಮನೆಯಲ್ಲಿ ಸೂತ್ರಗಳನ್ನು ತಪ್ಪು ಬಾಯಿಪಾಠ ಹಾಕುತ್ತಿದ್ದರೆ ಅತ್ತೆ ರೊಟ್ಟಿ ತಟ್ಟುತ್ತಾ “ಇನ್ನೊಂದ್ಸಲ ನೋಡ್ಕೊಳ್ಳೇ” ಎನ್ನುತ್ತಿದ್ದರು. ಸುಮ್ಮನೆ ಗದರುತ್ತಾರೆ ಎಂದುಕೊಂಡಿದ್ದೆ.

“ಮುಖ ಯಾಕೆ ಮಾಡಿಸ್ಕೊಂಡೆ ಗೊತ್ತಾ? ಹೋದ ವರ್ಷ ಒಂದು ಮದುವೇಲಿ ಯಾರೋ ನಿಮ್ಮಾವನ್ನ ‘ಇವರು ನಿಮ್ಮಕ್ಕಾನಾ’ ಅಂದ್ರು. ಅವರು ಅದನ್ನ ಜೋಕು ಅಂತ ಎಲ್ಲರಿಗೂ ಹೇಳ್ಕೊಂಡು ನಕ್ರು. ನಂಗೆ ನಾಲ್ಕು ದಿನ ಅನ್ನ ಸೇರ್ಲಿಲ್ಲ. ಹಸೆ ಮೇಲೆ ಕೂತಾಗ ಮುಖಾನೇ ಸತ್ಯ ಹೇಳಿಬಿಟ್ರೆ?”

ನಾನು ಡಾಕ್ಟರ್ ಹೇಳಿದ್ದನ್ನೂ ಹೆಬ್ಬೆಟ್ಟಿನ ವಿಷಯವನ್ನೂ ಹೇಳಿದೆ. ಮಾವನೇ ಬಂದು ಬದಲಿಸಬೇಕು, ಬೇರೆ ದಾರಿಯಿಲ್ಲ ಎಂದೆ. ಅತ್ತೆ ಖಡಾಖಂಡಿತವಾಗಿ ತಲೆಯಾಡಿಸಿದರು. “ಬೇಡ. ಕೋಣೇಲೇ ಕೂತಿರ್ತೀನಿ. ನಮ್ಮಪ್ಪನ್ನ ಅವರು ದೇವರ ಥರ ನೋಡ್ಕೊಂಡ್ರು. ಇಷ್ಟು ವರ್ಷ ಸುಳ್ಳಿಯ ಜೊತೆ ಸಂಸಾರ ಮಾಡ್ದೆ ಅಂತ ಅವರಿಗೆ ಅನ್ನಿಸೋದು ಬೇಡ. ನೀನು ಬಾಯಿಬಿಟ್ರೆ ನನ್ನಾಣೆ.”

ಆಣೆ ಹಾಕಿಬಿಟ್ಟರೆ ಮುಗಿಯಿತು. ಆರು ದಿನ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆ. ನನಗೆ ಅದೆಷ್ಟು ಕಷ್ಟ ಎಂದು ನನ್ನನ್ನು ಬಲ್ಲವರಿಗೇ ಗೊತ್ತು. ಅತ್ತೆಯ ಮೊಡವೆಗಳು ಒಣಗಿದವು, ಆದರೆ ಚರ್ಮ ದಿನದಿನಕ್ಕೂ ತೆಳುವಾಗುತ್ತಾ ಗುಲಾಬಿ ಬಣ್ಣಕ್ಕೆ ತಿರುಗಿತು. ಕುಕ್ಕರಿನ ಆವಿ ತಗುಲಿದರೂ ಕೆಂಪು. ಕಣ್ಣೀರು ಇಳಿದರೆ ಇಳಿದ ಜಾಗದಲ್ಲೆಲ್ಲ ಗೆರೆಗೆರೆಯಾಗಿ ಬರೆ. ಡಾಕ್ಟರ್ ಹೇಳಿದ ಹತ್ತು ದಿನದಲ್ಲಿ ಇನ್ನು ಮೂರೇ ಉಳಿದಿತ್ತು.

ಅವತ್ತು ನಾನು ಮುಲಾಮು ತೆಗೆದುಕೊಂಡು ಹೋದಾಗ ಮಾವ ನಡುಮನೆಯಲ್ಲಿ ಪೆನ್ನು ಹಿಡಿದು ಕೂತಿದ್ದರು. ಅವರ ಮುಖವೂ ಸೊರಗಿಹೋಗಿತ್ತು. ಹೆಂಡತಿಗೆ ಮೂರು ಹೊತ್ತು ಗಂಧ ತೇಯ್ದು ತೇಯ್ದು ಅಂಗೈ ಬೊಬ್ಬೆ ಎದ್ದಿತ್ತು.

“ಬಾ ಸಹನಾ. ನಿನ್ನ ಮೇಲೆ ನಂಗೆ ಕೋಪ ಇಲ್ಲಮ್ಮ. ಆದ್ರೆ ಆ ಮೆಷೀನ್ ಮೇಲೆ ಕಂಪ್ಲೇಂಟ್ ಕೊಡ್ತಿದೀನಿ. ಅದನ್ನ ನಡೆಸೋಕೆ ಬರದೋರ ಮೇಲೂ. ನಿನ್ನ ಹೆಸರು ಬರೀಲೇಬೇಕಾಗುತ್ತೆ. ಸ್ವಂತದೋರು ಅಂತ ಬಿಟ್ರೆ ನ್ಯಾಯ ಅಲ್ಲ.”

ನನ್ನ ಕೆಲಸ ಹೋದ ಹಾಗೆಯೇ ಎಂದುಕೊಂಡೆ. ಬಾಯಿ ತೆರೆದೆ, ಆಣೆ ನೆನಪಾಗಿ ಮುಚ್ಚಿದೆ. ಅಷ್ಟರಲ್ಲಿ ಅತ್ತೆ ಕೋಣೆಯಿಂದ ಹೊರಗೆ ಬಂದರು.

“ಅದನ್ನ ಹರೀರಿ,” ಎಂದರು. “ಅವಳದೇನೂ ತಪ್ಪಿಲ್ಲ. ನಂಗೆ ಅರವತ್ತೆರಡು.”

“ಅರವತ್ತೆರಡು ಏನು? ತೂಕಾನಾ?”

“ವಯಸ್ಸು ರೀ.”

ಮಾವ ನಕ್ಕರು. ಆಮೇಲೆ ನಗು ನಿಲ್ಲಿಸಿದರು. ಬೆರಳು ಮಡಿಸಿ ಎಣಿಸಿದರು, ಬಿಚ್ಚಿದರು, ಮತ್ತೆ ಎಣಿಸಿದರು. ಅತ್ತೆ ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದರು, ಜಾತಕ, ತಮ್ಮ, ಬಿಎಸ್ಸಿ, ಕೋಲಾರ, ಒಂದನ್ನೂ ಬಿಡದೆ. ಅಳಲಿಲ್ಲ. ಅತ್ತರೆ ಉರಿಯುತ್ತದೆಂದೋ ಏನೋ, ಗೊತ್ತಿಲ್ಲ.

ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ನಾನು ಹಿಂದೆಯೇ ಓಡಿದೆ. ಎರಡು ಬೀದಿಯಾಚೆ ತಾವು ಮೂವತ್ತು ವರ್ಷ ಮಕ್ಕಳನ್ನು ಓಡಿಸಿದ ಶಾಲೆಯ ಮೈದಾನಕ್ಕೆ ಹೋಗಿ, ನಡುಮಧ್ಯಾಹ್ನದ ಬಿಸಿಲಲ್ಲಿ ಸುತ್ತು ಹಾಕತೊಡಗಿದರು. ಹನ್ನೆರಡು ಸುತ್ತು. ನಾನು ಬೇಲಿಯ ಹತ್ತಿರ ನಿಂತು ಎಣಿಸುತ್ತಾ, ಇವರಿಗೆ ಏನಾದರೂ ಆದರೆ ಶಾಂತಿಯ ಬದಲು ಇನ್ನೇನು ಮಾಡಬೇಕಾಗುತ್ತದೋ ಎಂದು ಹೆದರಿದ್ದೆ. ಬೆವರಿನಲ್ಲಿ ತೊಯ್ದು ಮನೆಗೆ ಬಂದವರು ನೇರವಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಕೆಮಿಸ್ಟ್ರಿನಾ?”

“ಹ್ಞೂಂ.”

“ಅಡುಗೆ ಸೋಡಾ ಆಮ್ಲ ಅಂತ ನಾನು ನಿಂಗೆ ಎಷ್ಟು ಸಲ ಹೇಳಿದೀನಿ?”

“ತುಂಬ ಸಲ.”

“ತಪ್ಪಾ?”

“ತಪ್ಪು ರೀ. ಅದು ಪ್ರತ್ಯಾಮ್ಲ.”

ಮಾವ ಅಲ್ಲೇ ಹೊಸ್ತಿಲ ಮೇಲೆ ಕೂತರು. “ಎರಡು ವರ್ಷ ದೊಡ್ಡೋಳು ಅನ್ನೋದು ಹೋಗ್ಲಿ. ನಿಮ್ಮಪ್ಪನ ಮೇಲೂ ಕೋಪ ಮಾಡ್ಕೊಳ್ಳಲ್ಲ, ಹೋದೋರು. ಆದ್ರೆ ನಾನು ಊರಿಗೆಲ್ಲ, ನನ್ನ ಹೆಂಡ್ತಿಗೆ ಅಷ್ಟೇನೂ ಗೊತ್ತಾಗಲ್ಲ, ಪಾಪ, ಅಂತ ಹೇಳ್ಕೊಂಡು ಬಂದಿದೀನಲ್ಲ ಹೈಮಾ. ನನ್ನ ಮರ್ಯಾದೆ ಏನಾಗ್ಬೇಕು?” ಎಂದು ಕಣ್ಣೊರೆಸಿಕೊಂಡರು. ಅವರಿಗೆ ಕಣ್ಣೀರು ಉರಿಯುವುದಿಲ್ಲವಾದ್ದರಿಂದ ಸಾಕಷ್ಟು ಅತ್ತರು.

ಮರುದಿನವೇ ಕ್ಲಿನಿಕ್ಕಿಗೆ ಬಂದರು. ಮಾವ ಹೆಬ್ಬೆಟ್ಟು ಒತ್ತಿದರು. ಈ ಸಲ ನಾನು ನಿಯಮ ತಪ್ಪಲಿಲ್ಲ. ಅತ್ತೆ ಯಂತ್ರದ ಮುಂದೆ ಬಾಗಿ, ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ, “ಅರವತ್ತೆರಡು” ಎಂದರು. ಯಂತ್ರ ಅದನ್ನು ಕ್ಲಿನಿಕ್ಕಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿ, “ಮಾದರಿಯು ಸರಿಹೊಂದುತ್ತದೆ” ಎಂದಿತು. ಹೊರಗೆ ಕೂತಿದ್ದ ಹೆಂಗಸರು ಇಣುಕಿ ನೋಡಿದರು.

“ಎಷ್ಟಕ್ಕೆ ನಿಲ್ಲಿಸೋಣ?” ಎಂದು ಕೇಳಿದ ಡಾಕ್ಟರು ಅಭ್ಯಾಸಬಲದಿಂದ ಮಾವನ ಕಡೆ ನೋಡಿದರು.

“ನನ್ನನ್ನ ಯಾಕೆ ನೋಡ್ತೀರಿ?” ಎಂದು ಮಾವ ರೇಗಿದರು. “ಅವಳ ಮುಖ. ಅವಳನ್ನ ಕೇಳಿ.”

ಅತ್ತೆ ಈಗ ಏನಾದರೂ ದೊಡ್ಡ ಮಾತು ಹೇಳುತ್ತಾರೆ, ಇದ್ದ ವಯಸ್ಸೇ ಇರಲಿ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಎರಡು ನಿಮಿಷ ಯೋಚಿಸಿ, “ಮೂವತ್ತೆಂಟು,” ಎಂದರು.

ಶಾಂತಿಯ ದಿನ ಹಸೆಯ ಮೇಲೆ ಅವರಿಬ್ಬರನ್ನು ನೋಡಿದವರೆಲ್ಲ ಮಾವನಿಗೆ ಎರಡನೇ ಸಂಬಂಧವೇನೋ ಎಂದು ಒಂದು ಕ್ಷಣ ಗಾಬರಿಯಾದರು. ಪುರೋಹಿತರು ಹೊಸಬರು, ತಾಳಿ ಕಟ್ಟುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು “ಹುಡುಗಿ ಕಡೆಯೋರು ಒಪ್ಪಿದಾರೆ ತಾನೇ?” ಎಂದು ಕೇಳಿದರು. ಎಲ್ಲ ಮುಗಿದು ಗಂಡಹೆಂಡತಿ ಹಾರ ಹಾಕಿಕೊಂಡು ಕುರ್ಚಿಗಳಲ್ಲಿ ಕೂತರು. ಅಕ್ಷತೆ ಹಾಕಲು ಜನ ಸಾಲುಗಟ್ಟಿ ನಿಂತರು. ಸಾಲು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಅಡುಗೆಯವರು ಎಲೆ ಹಾಕಬೇಕೋ ಬೇಡವೋ ಎಂದು ನನ್ನ ಪ್ರಾಣ ತಿನ್ನತೊಡಗಿದರು. ಏನಾಗಿದೆ ನೋಡೋಣ ಎಂದು ಮುಂದೆ ಹೋದರೆ, ಅತ್ತೆ ಮಾವನ ಕಡೆ ಪೂರ್ತಿ ತಿರುಗಿ ಕೂತು ಕೈ ಆಡಿಸುತ್ತಾ ಮಾತಾಡುತ್ತಿದ್ದರು. ಮಾವ ಹಾರದ ಹೂವು ಒಂದೊಂದೇ ಉದುರಿಸುತ್ತಾ ತಲೆದೂಗುತ್ತಿದ್ದರು. ಮಾವನೇ ಕೇಳಿದ್ದರಂತೆ, ಈ ಪ್ಲೇಟ್‌ಲೆಟ್ಟು ಅಂದರೆ ನಿಜವಾಗಿ ಏನು, ಬೆಳಕು ಬಿದ್ದರೆ ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು. ಅತ್ತೆಯ ಮುಖ ಕೆಂಪಾಗಿತ್ತು, ಈ ಸಲ ಒಲೆಯಿಂದಲ್ಲ. ಮೂರೂವರೆ ದಶಕ ಒಳಗೇ ಇಟ್ಟುಕೊಂಡದ್ದು ಒಮ್ಮೆಗೇ ಬರುತ್ತಿತ್ತು, ನಿಲ್ಲಿಸುವವರು ಯಾರು.

ಕಡೆಗೆ ಅತ್ತೆ ಉಸಿರು ತೆಗೆದುಕೊಂಡು ಕೇಳಿದರು, “ಅರ್ಥ ಆಯ್ತಾ?”

“ಇಲ್ಲ,” ಎಂದರು ಮಾವ.

“ಮತ್ತೆ ಇಷ್ಟು ಹೊತ್ತು ಹ್ಞೂಂ ಹ್ಞೂಂ ಅಂತಿದ್ರಲ್ಲ?”

“ನೀನೂ ಮೂವತ್ತಾರು ವರ್ಷ ನನ್ನ ಮಾತಿಗೆ ಹ್ಞೂಂ ಅಂದಿದೀಯಲ್ಲ.”

ಅತ್ತೆ ಅವರನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, ಸಾಲಿನಲ್ಲಿ ನಿಂತವರಿಗೆ ಊಟಕ್ಕೆ ಹೋಗಿ ಎಂದು ಕೈಸನ್ನೆ ಮಾಡಿ, ಮೊದಲಿನಿಂದ ಶುರುಮಾಡಿದರು.